ಬೂಮ್ ಎಲ್ಲಿತ್ತು, ಗಾಳಿ ಎಲ್ಲಿಂದ ಬಂತು?

ಪ್ರೊಫೆಸರ್ ಅವರಿಗೆ ನಮಸ್ಕಾರ.

ನೀವು ಕಳಿಸಿದ ಮೂರೂ ಅನುಭವಕಥೆಗಳನ್ನು ಎರಡೆರಡು ಸಲ ಓದಿದೆವು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 25 ಅಡಿಯ ಹಾಯಿದೋಣಿ ಇಟ್ಟುಕೊಂಡು ರಜೆಯ ದಿನಗಳನ್ನು ನೀರಿನ ಮೇಲೆ ಕಳೆಯುವ ಮೇಷ್ಟರ ಬದುಕು ಕನ್ನಡದಲ್ಲಿ ಅಪರೂಪದ ವಸ್ತು. ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಕಾರಣಗಳನ್ನು ಬಿಡಿಸಿಯೇ ಹೇಳುತ್ತೇವೆ.

ಅನಾಪೊಲಿಸ್‌ನಿಂದ ಥಾಮಸ್ ಪಾಯಿಂಟ್ ದೀಪಸ್ತಂಭದ ಕಡೆ ಹೋದ ಮೊದಲ ಕಥೆಯಲ್ಲಿ, ಹಾಯಿಯ ಮೇಲೆ ಗಾಳಿಯ ಒತ್ತಡ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠವೇ ಎರಡು ಪುಟ. ಓದುಗ ದೋಣಿ ಹತ್ತುವ ಮೊದಲೇ ತರಗತಿಯಲ್ಲಿ ಕೂರಬೇಕಾಗಿದೆ. ಅವೆರಡನ್ನೂ ತೆಗೆದುಹಾಕಿ. ಮುಂದಿನ ತಪ್ಪು ಇನ್ನೂ ದೊಡ್ಡದು. ಎದುರಿನಿಂದ ಬೀಸುವ ದಕ್ಷಿಣದ ಗಾಳಿಯಲ್ಲಿ ನೇರ ದಕ್ಷಿಣಕ್ಕೆ ಹಾಯಿಯಲ್ಲೇ ಹೋದೆವು ಎಂದಿದ್ದೀರಿ. ಅದು ಆಗದ ಮಾತು. ಗಾಳಿಯ ಮುಖದಿಂದ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸುತ್ತಾ ಹೋಗಬೇಕು. 5 ಮೈಲಿಯ ದಾರಿ 7 ಮೈಲಿಯಾಗುತ್ತದೆ. ಆ ಬಳಸುದಾರಿಯಲ್ಲೇ ಕಥೆ ಇದೆ. 1875ರ ಆ ಆರು ಮೂಲೆಯ ಬಿಳಿ ಮರದ ಮನೆ, ಕಬ್ಬಿಣದ ಕಾಲುಗಳ ಮೇಲೆ ನೀರಿನ ನಡುವೆ ನಿಂತಿರುವುದು, ಪ್ರತಿ ತಿರುವಿನಲ್ಲೂ ದೋಣಿಯ ಇನ್ನೊಂದು ಬದಿಗೆ ಬಂದು ನಿಲ್ಲುತ್ತಿತ್ತಲ್ಲವೇ? ಅದನ್ನು ಬರೆಯಿರಿ.

ಮಳೆಗಾಳಿಯ ಕಥೆಗೆ ಬರೋಣ. ಬೇಸಿಗೆಯ ಸಂಜೆ ಅರ್ಧ ಗಂಟೆ ಗುಡುಗಿ ಹೋಗುವ ಬಿರುಗಾಳಿಯನ್ನು ‘ಚಂಡಮಾರುತ’ ಎನ್ನಬೇಡಿ. ಆ ಪದ ಓದಿದವರ ಕಣ್ಣಮುಂದೆ ಬೇರೆಯೇ ಚಿತ್ರ ಬರುತ್ತದೆ. ಅಂಕಿ ಕೊಡಿ. ಗಾಳಿ 15 ನಾಟ್‌ನಿಂದ 30ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ‘ಹಾಯಿ ಕಿರಿದು ಮಾಡಿದೆವು, ಪಾರಾದೆವು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಉಸಿರು ಬಿಗಿಹಿಡಿದು ಓದಬೇಕಾದ ಜಾಗ ಅದು. ಹಾಯಿಯನ್ನು ಹಿಡಿದಿಡುವ ಹಗ್ಗವಾದ ಮೇನ್‌ಶೀಟನ್ನೂ, ಹಾಯಿಯ ಕೆಳಂಚಿನ ಅಡ್ಡಮರವಾದ ಬೂಮನ್ನು ಕೆಳಕ್ಕೆ ಹಿಡಿದಿರುವ ವ್ಯಾಂಗ್ ಹಗ್ಗವನ್ನೂ ಸಡಿಲಿಸಬೇಕು, ಹಾಯಿ ಪಟಪಟ ಬಡಿದುಕೊಳ್ಳಬೇಕು. ಹಾಯಿ ಏರಿಸುವ ಹಗ್ಗವಾದ ಹ್ಯಾಲ್ಯರ್ಡ್ ಬಿಟ್ಟು ಹಾಯಿಯನ್ನು ಮೂರ್ನಾಲ್ಕು ಅಡಿ ಇಳಿಸಿ, ಮುಂದಂಚಿನ ಬಳೆಯನ್ನು ಬೂಮಿನ ಬುಡದ ಕೊಕ್ಕೆಗೆ ಸಿಕ್ಕಿಸಿ, ಹ್ಯಾಲ್ಯರ್ಡ್ ಮತ್ತೆ ಬಿಗಿಮಾಡಿ, ಆಮೇಲಷ್ಟೇ ಹಾಯಿ ಕಿರಿದುಮಾಡುವ ಹಿಂದಂಚಿನ ರೀಫ್ ಹಗ್ಗ ಎಳೆಯಬೇಕು. ಗಾಬರಿಯಲ್ಲಿ ಹಿಂದಿನ ಹಗ್ಗವನ್ನೇ ಮೊದಲು ಬಿಗಿದರೆ ಮುಂದಂಚು ಬಿಗಿಯಾಗುವುದೇ ಇಲ್ಲ. ಹೊಟ್ಟೆ ಉಬ್ಬಿದ ಹಾಯಿ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ. ಆ ದಿನ ನಿಮ್ಮ ಕೈ ಎಲ್ಲಿ ತಡವರಿಸಿತು? ಚುಕ್ಕಾಣಿ ಹಿಡಿದಿದ್ದ ನಿಮ್ಮ ಪತ್ನಿ ಏನಂದರು?

ಅದೇ ಕಥೆಯಲ್ಲಿ, ಗಾಳಿಗೆದುರಾಗಿ ಹೋಗುತ್ತಿದ್ದಾಗ ಬೂಮ್ ರಭಸದಿಂದ ಬೀಸಿ ಬಂದು ಹಣೆ ಒಡೆಯಿತು ಎಂದಿದೆ. ಎದುರುಗಾಳಿಯಲ್ಲಿ ಬೂಮ್ ದೋಣಿಯ ನಡುಗೆರೆಯ ಹತ್ತಿರವೇ ಇರುತ್ತದೆ, ಅಷ್ಟು ದೂರ ಬೀಸಲಾರದು. ಗಾಳಿ ಬೆನ್ನಿಗಿದ್ದು, ಬೂಮ್ ಪೂರ್ತಿ ಹೊರಚಾಚಿದ್ದು, ದೋಣಿಯ ಹಿಂಭಾಗ ಗಾಳಿಯನ್ನು ದಾಟಿದಾಗ ಆಗುವ ಅಪಘಾತವಿದು. ಬೂಮಿನ ತುದಿಯಿಂದ ಮುಂದಕ್ಕೆ ಒಂದು ಹಗ್ಗ ಕಟ್ಟಿದ್ದರೆ ತಪ್ಪುತ್ತಿತ್ತು. ನೆನಪನ್ನು ಇನ್ನೊಮ್ಮೆ ಕೆದಕಿ ನೋಡಿ. ದೋಣಿ ಬಲ್ಲ ಓದುಗ ಇಲ್ಲಿ ಎಡವಿದರೆ ಮುಂದಿನ ಯಾವ ಮಾತನ್ನೂ ನಂಬುವುದಿಲ್ಲ.

ಪದಗಳ ಬಗ್ಗೆ ಒಂದು ಮಾತು. ‘ಶೀಟ್ ಎಳೆದೆ’ ಎಂದು ಸುಮ್ಮನೆ ಬಿಟ್ಟರೆ ಓದುಗರು ಹಾಯಿಯ ಬಟ್ಟೆ ಎಂದುಕೊಳ್ಳುತ್ತಾರೆ. ಅದು ಹಗ್ಗವೆಂದು ಮೊದಲ ಸಲವೇ ತಿಳಿಯಲಿ. ಹಾಯಿ, ಕೂವೆಮರ, ಚುಕ್ಕಾಣಿ, ಲಂಗರು ನಮ್ಮಲ್ಲೇ ಇರುವಾಗ ಸೇಲ್, ಮಾಸ್ಟ್, ರಡ್ಡರ್, ಆಂಕರ್ ಏಕೆ? ಬೂಮ್, ರೀಫ್ ಹಾಗೇ ಇರಲಿ.

ಕೆಸರಿಗೆ ಸಿಕ್ಕಿಕೊಂಡ ಮೂರನೆಯ ಕಥೆಯೇ ನಮಗೆ ಬೇಕಾದದ್ದು. ತಳ ತಗುಲಿದಾಗ ಸದ್ದೇ ಬರಲಿಲ್ಲ, ಒಲೆಯ ಮೇಲಿನ ಟೀ ಪಾತ್ರೆ ಮಾತ್ರ ಮೆಲ್ಲಗೆ ಮುಂದಕ್ಕೆ ಜಾರಿತು ಎಂಬ ನಿಮ್ಮ ಸಾಲು ಅಪ್ಪಟ ಅನುಭವದ್ದು. ಸರಾಸರಿ ಆಳ 21 ಅಡಿಯಷ್ಟೇ ಇರುವ, ಮೆತ್ತನೆ ಕೆಸರಿನ ಆ ಕೊಲ್ಲಿ ಅದರಲ್ಲಿ ಇಡಿಯಾಗಿ ಇದೆ. ಆದರೆ ಆ ಸಾಲಿನ ಬೆನ್ನಿಗೇ ‘ಬದುಕೂ ಹೀಗೆಯೇ’ ಎಂದು ಅರ್ಧ ಪುಟ ಬರೆದು, ಕೊನೆಗೆ ‘ಹೇಗೋ ಬಿಡಿಸಿಕೊಂಡೆವು’ ಎಂದು ಮುಗಿಸಿದ್ದೀರಿ. ಹೇಗೆ? ನಾಲ್ಕಡಿ ನೀರು ಬೇಡುವ ಕೀಲ್, ಅಂದರೆ ದೋಣಿಯ ತಳದಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆ, ಹೂತಿದೆ. ಎಂಜಿನ್ನನ್ನು ಜೋರಾಗಿ ಹಿಂದಕ್ಕೆ ಓಡಿಸಿದರೆ ಅದು ಕೆಸರನ್ನೇ ಹೀರಿ ಬಿಸಿಯಾಗುತ್ತದೆ. ಭರತಕ್ಕೆ ಕಾಯೋಣವೆಂದರೆ ಅಲ್ಲಿ ನೀರು ಏರುವುದೇ ಒಂದಡಿಯ ಆಸುಪಾಸು. ವಾಯವ್ಯದ ಗಾಳಿ ಬಿಡದೆ ಬೀಸಿದರೆ ಅದೂ ಏರದು. ಎಲ್ಲರೂ ಒಂದೇ ಬದಿಗೆ ಕೂತು ದೋಣಿ ವಾಲಿಸಿದಿರೋ? ಚಿಕ್ಕ ದೋಣಿಯಲ್ಲಿ ಲಂಗರು ಒಯ್ದು ಆಳದಲ್ಲಿ ಹಾಕಿ ಹಗ್ಗ ಜಗ್ಗಿದಿರೋ? ಎಷ್ಟು ಹೊತ್ತು ಹಿಡಿಯಿತು?

ಅದೊಂದನ್ನೇ 1,800 ಪದಗಳ ಒಳಗೆ ಹೊಸದಾಗಿ ಬರೆದು ಕಳಿಸಿ, ಮೊದಲ ಪುಟದಲ್ಲೇ ಪ್ರಕಟಿಸಲು ನಮಗೆ ಆಸೆಯಿದೆ. ಟೀ ಪಾತ್ರೆ ಜಾರುವಲ್ಲಿಂದಲೇ ಶುರುಮಾಡಿ.