ಪ್ರೋಟಿಯೇಸ್ ಪರೀಕ್ಷೆಗೆ ಯಾವ ಬಟ್ಟೆ ಪುಡಿ?

ಮೀನಿನ ತ್ಯಾಜ್ಯದ ಮಣ್ಣಿನಿಂದ ಪಡೆದ ಪ್ರೋಟಿಯೇಸ್ (ಪ್ರೋಟೀನನ್ನು ಕತ್ತರಿಸುವ ಕಿಣ್ವ) ಯಾವ ಕಂಪೆನಿಯ ಬಟ್ಟೆ ಪುಡಿಯಲ್ಲಿ ಹೆಚ್ಚು ಬಾಳುತ್ತದೆ ಎಂದು ಕೇಳಿದ್ದೀರಿ. ಎಂ.ಎಸ್ಸಿ. ಓದುವಾಗ ನಾನೂ ಇದನ್ನೇ ಕೇಳಿಕೊಂಡು ಎರಡು ತಿಂಗಳು ಕಳೆದುಕೊಂಡವನು.

ಮಳೆಗಾಲದ ಮೀನುಗಾರಿಕೆ ನಿಷೇಧ ಆರಂಭವಾಗುವ ಮೊದಲು ಮಂಗಳೂರಿನ ದಕ್ಕೆಯಿಂದ ಮಣ್ಣು ತಂದು, ಹಾಲಿನ ಪುಡಿ ಬೆರೆಸಿದ ಅಗರ್ ತಟ್ಟೆಯಲ್ಲಿ ಹಾಲಿನ ಪ್ರೋಟೀನನ್ನು ಕರಗಿಸಿ ತನ್ನ ಸುತ್ತ ತಿಳಿಯಾದ ವಲಯ ಬಿಟ್ಟ ಬ್ಯಾಸಿಲಸ್ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿದ್ದೆ. ಅದರ ಕಿಣ್ವವನ್ನು ಲೀಟರಿಗೆ 7 ಗ್ರಾಂ ಪುಡಿ ಕರಗಿಸಿದ ನೀರಿನಲ್ಲಿ ಒಂದು ಗಂಟೆ ಇಟ್ಟು, ಹಾಲಿನ ಪ್ರೋಟೀನಾದ ಕೇಸಿನ್ ಮೇಲೆ ಪ್ರಯೋಗಿಸಿದಾಗ, ಪುಡಿಯಿಲ್ಲದ ಕಿಣ್ವದ್ದನ್ನು ನೂರು ಎಂದಿಟ್ಟರೆ, ಚಟುವಟಿಕೆ ಶೇಕಡಾ 138 ಬಂತು. ಡಿಟರ್ಜೆಂಟ್ ನನ್ನ ಕಿಣ್ವವನ್ನು ಚುರುಕುಗೊಳಿಸುತ್ತದೆ ಎಂದು ಹೆಮ್ಮೆಯಿಂದ ಬರೆದುಬಿಟ್ಟೆ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದು ಒಂದೇ: "ಪುಡಿಯ ನೀರನ್ನು ಕುದಿಸಿದ್ದಿರಾ?" ಕುದಿಸಿರಲಿಲ್ಲ. ಇಂದಿನ ಅನೇಕ ಬಟ್ಟೆ ಪುಡಿಗಳಲ್ಲಿ ಕಂಪೆನಿಯವರೇ ಪ್ರೋಟಿಯೇಸ್ ಬೆರೆಸಿರುತ್ತಾರೆ; ನಾನು ಅಳೆದದ್ದು ಅವರದನ್ನೂ ನನ್ನದನ್ನೂ ಕೂಡಿಸಿ. ಹೋಲಿಕೆಯ ಕೊಳವೆ ಇಟ್ಟಿರಲಿಲ್ಲವೆಂದಲ್ಲ, ಇಟ್ಟಿದ್ದೆ, ಆದರೆ ಅದರಲ್ಲಿ ಬಫರ್ (ಆಮ್ಲ-ಕ್ಷಾರದ ಮಟ್ಟವನ್ನು ಸ್ಥಿರವಾಗಿಡುವ ದ್ರಾವಣ) ಮಾತ್ರ ಇತ್ತು. ನನ್ನ ಕಿಣ್ವವಿಲ್ಲದ, ಬರೀ ಪುಡಿಯ ನೀರಿರುವ ಇನ್ನೊಂದು ಕೊಳವೆ ಇಟ್ಟಿದ್ದರೆ ಕೇಸಿನ್ ಅದರಲ್ಲಿಯೂ ಕರಗುವುದು ಮೊದಲ ದಿನವೇ ಕಾಣುತ್ತಿತ್ತು. ಪುಡಿಯ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಮತ್ತೆ ಮಾಡಿದಾಗ 138 ಇದ್ದದ್ದು 61ಕ್ಕೆ ಇಳಿಯಿತು.

ಆ ಇಳಿಕೆಯಲ್ಲಿಯೇ ನಿಜವಾದ ವಿಷಯವಿತ್ತು. ಪುಡಿಯಲ್ಲಿರುವ ಋಣವಿದ್ಯುದಂಶದ ಡಿಟರ್ಜೆಂಟುಗಳು ಪ್ರೋಟೀನಿನ ಮಡಿಕೆಗಳನ್ನು ಬಿಡಿಸುತ್ತವೆ. ನೀರಿನ ಗಡಸುತನ ತಗ್ಗಿಸಲು ಹಾಕಿದ ಪದಾರ್ಥಗಳು, ಬ್ಯಾಸಿಲಸ್‌ಗಳು ತಯಾರಿಸುವ ಸಬ್‌ಟಿಲಿಸಿನ್ ಜಾತಿಯ ಕಿಣ್ವಗಳನ್ನು ಬಿಗಿಯಾಗಿ ಹಿಡಿದಿಡುವ ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತವೆ. ಹೀಗೆ ಸಡಿಲಗೊಂಡ ಪ್ರೋಟಿಯೇಸ್ ಅಣುಗಳು ಒಂದನ್ನೊಂದು ಕತ್ತರಿಸತೊಡಗುತ್ತವೆ.

ಆದುದರಿಂದ ಯಾವ ಕಂಪೆನಿಯ ಪುಡಿ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ಪುಡಿ ಹತ್ತಾರು ಪದಾರ್ಥಗಳ ಮಿಶ್ರಣ. ಫಲಿತಾಂಶ ಬಂದರೂ ಕಾರಣ ಯಾವುದೆಂದು ಹೇಳಲಾಗದು. ಎಸ್‌ಡಿಎಸ್ ಎಂಬ ಪ್ರಬಲ ಋಣವಿದ್ಯುದಂಶದ ಡಿಟರ್ಜೆಂಟ್ ಒಂದು ಕಡೆ, ವಿದ್ಯುದಂಶವಿಲ್ಲದ ಮೃದುವಾದ ಟ್ವೀನ್ 80 ಇನ್ನೊಂದು ಕಡೆ, ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ. ಡಿಟರ್ಜೆಂಟ್ ಇರುವಾಗಲೇ ಅಳೆದದ್ದು ಚಟುವಟಿಕೆ. ಅದರಲ್ಲಿ ಇಟ್ಟು, ಬಳಿಕ ಚೆನ್ನಾಗಿ ತೆಳುಗೊಳಿಸಿ ಅಳೆದದ್ದು ಸ್ಥಿರತೆ. ಒಂದೇ ಅಂಕಿಗೆ ಎರಡೂ ಹೆಸರು ಕೊಡಬೇಡಿ. ಎಸ್‌ಡಿಎಸ್ ಹಾಕುವ ದಿನ ಪೊಟ್ಯಾಸಿಯಂ ಫಾಸ್ಫೇಟ್ ಬಫರನ್ನು ಕಪಾಟಿನಲ್ಲಿಯೇ ಬಿಡಿ. ಅದರೊಂದಿಗೆ ಎಸ್‌ಡಿಎಸ್ ಬಿಳಿಯಾಗಿ ಗಟ್ಟಿಗೊಂಡು ತಳಕ್ಕೆ ಇಳಿಯುತ್ತದೆ, ನೀವು ಅದನ್ನು ಕರಗದ ಕೇಸಿನ್ ಎಂದುಕೊಳ್ಳುತ್ತೀರಿ.