ಶೇರ್ ಫೋಲ್ಡರಿಗೆ 777 ಕೊಟ್ಟರೂ ಮರುದಿನ ಮತ್ತೆ ‘ಓದಲು ಮಾತ್ರ’ ಏಕೆ?

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ನಿಮ್ಮ ಮಂಡಿಯಲ್ಲಿ ಲಿನಕ್ಸ್ ಸರ್ವರಿಗೆ ಸಾಂಬಾ (ಅದರ ಫೋಲ್ಡರುಗಳನ್ನು ವಿಂಡೋಸ್ ಕಂಪ್ಯೂಟರುಗಳಿಗೆ ಹಂಚುವ ತಂತ್ರಾಂಶ) ಹಾಕಿದ್ದೀರಿ, ಗುಮಾಸ್ತರೆಲ್ಲರದೂ ವಿಂಡೋಸ್. ಒಬ್ಬರು ಉಳಿಸಿದ ಎಕ್ಸೆಲ್ ಕಡತವನ್ನು ಇನ್ನೊಬ್ಬರು ತಿದ್ದಲಾಗುತ್ತಿಲ್ಲ. ಇಡೀ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಕೊಟ್ಟರೆ ಅಂದಿಗೆ ಸರಿಹೋಗಿ ಮರುದಿನ ಮತ್ತೆ ಅದೇ ಗೋಳು ಎಂದಿದ್ದೀರಿ. ಇದೇ ಊರಿನ ಅಡತಿ ಅಂಗಡಿಗಳ ಸರ್ವರ್ ನೋಡಿಕೊಳ್ಳುವ ನನಗೆ ಈ ಕಾಟ ಚೆನ್ನಾಗಿ ಗೊತ್ತು. ದಯವಿಟ್ಟು 777 ಕೈಬಿಡಿ. ಸರ್ವರಿನೊಳಗಿನ ಯಾವುದೇ ಖಾತೆ, ಯಾವುದೇ ಸೇವೆ ರೈತರ ಬಾಕಿ ಪಟ್ಟಿಯನ್ನು ಅಳಿಸಬಹುದು ಎಂದು ಅದರ ಅರ್ಥ. ಅಷ್ಟು ಕೊಟ್ಟರೂ ಅದು ನಿಲ್ಲುವುದಿಲ್ಲ.

ನಿಲ್ಲದಿರುವುದಕ್ಕೆ ಕಾರಣ ಎಕ್ಸೆಲ್ ಕಡತವನ್ನು ಉಳಿಸುವ ರೀತಿ. ಅದು ಹಳೆಯ ಕಡತದ ಮೇಲೆಯೇ ಬರೆಯುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಕಡತವೊಂದನ್ನು ಸೃಷ್ಟಿಸಿ, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರಿಡುತ್ತದೆ. ಕಡತಗಳ ಒಡೆತನ, ಹಕ್ಕು ತೋರಿಸುವ ಎಲ್‌ಎಸ್ -ಎಲ್ (ls -l) ಆಜ್ಞೆ ಕೊಟ್ಟು ನೋಡಿ: ಬೆಳಿಗ್ಗೆ ತೂಕದ ಪಟ್ಟಿಯ ಒಡೆತನ ಒಬ್ಬರ ಹೆಸರಿನಲ್ಲಿದ್ದರೆ, ಎರಡನೆಯವರು ಉಳಿಸಿದ ಕೂಡಲೇ ಅವರ ಹೆಸರಿಗೆ ಬದಲಾಗಿರುತ್ತದೆ. ನೀವು ಕೊಟ್ಟ 777 ಹಳೆಯ ಕಡತದ ಜೊತೆಗೇ ಹೋಯಿತು. ಹೊಸ ಕಡತಕ್ಕೆ ಗರಿಷ್ಠ ಎಷ್ಟು ಹಕ್ಕು ಎಂದು ಹೇಳುವ ಸಾಂಬಾದ ಕ್ರಿಯೇಟ್ ಮಾಸ್ಕ್ ಅದಕ್ಕೆ ಅನ್ವಯಿಸುತ್ತದೆ. ನೀವು ಏನನ್ನೂ ಬರೆಯದಿದ್ದರೆ ಅದು 0744, ಅಂದರೆ ಗುಂಪಿಗೆ ಓದುವ ಹಕ್ಕು ಮಾತ್ರ. ಹಾಗಾಗಿ ಕಡತಗಳ ಬೆನ್ನು ಹತ್ತುವುದರಲ್ಲಿ ಫಲವಿಲ್ಲ. ಮುಂದೆ ಹುಟ್ಟುವ ಕಡತಗಳಿಗೆ ನಿಯಮ ಹಾಕಬೇಕು.

ಮೊದಲು ‘ಲೆಕ್ಕ’ ಎಂಬಂಥ ಒಂದು ಗುಂಪು ಮಾಡಿ, ಸಂಬಂಧಪಟ್ಟ ಗುಮಾಸ್ತರನ್ನೆಲ್ಲ ಅದಕ್ಕೆ ಸೇರಿಸಿ. ಫೋಲ್ಡರನ್ನೂ ಅದರೊಳಗಿನದೆಲ್ಲವನ್ನೂ ಒಮ್ಮೆ chgrp ಆಜ್ಞೆಯಿಂದ ಆ ಗುಂಪಿಗೆ ಒಪ್ಪಿಸಿ. ಆಮೇಲೆ ಫೋಲ್ಡರುಗಳಿಗೆ 2770 (ಒಡೆಯರಿಗೂ ಗುಂಪಿಗೂ ಎಲ್ಲ ಹಕ್ಕು, ಹೊರಗಿನವರಿಗೆ ಏನೂ ಇಲ್ಲ), ಕಡತಗಳಿಗೆ 660 (ಅವರಿಗಷ್ಟೇ ಓದುವ, ಬರೆಯುವ ಹಕ್ಕು) ಕೊಡಿ. ಎರಡನ್ನೂ ಫೈಂಡ್ ಆಜ್ಞೆಯಿಂದ ಬೇರೆ ಬೇರೆಯಾಗಿ ಮಾಡಿ. ಎಲ್ಲಕ್ಕೂ ಒಂದೇ ಏಟಿಗೆ 2770 ಹಚ್ಚಿದರೆ ಎಕ್ಸೆಲ್ ಕಡತಗಳಿಗೂ ಪ್ರೋಗ್ರಾಮಿನಂತೆ ಚಲಾಯಿಸುವ ಹಕ್ಕು ಅಂಟಿಕೊಳ್ಳುತ್ತದೆ. ಆರಂಭದ ಆ 2 ಬಹಳ ಮುಖ್ಯ. ಅದು ಸೆಟ್‌ಜಿಐಡಿ: ಯಾರೇ ಸೃಷ್ಟಿಸಿದರೂ ಹೊಸ ಕಡತ ಫೋಲ್ಡರಿನ ಗುಂಪಿಗೇ ಸೇರುತ್ತದೆ.

ಇನ್ನು ಸಾಂಬಾದ ಸೆಟ್ಟಿಂಗುಗಳಿರುವ ಎಸ್‌ಎಂಬಿ ಡಾಟ್ ಕಾನ್ಫ್ (smb.conf) ಕಡತ. ಆ ಶೇರಿನ ಕೆಳಗೆ ಕ್ರಿಯೇಟ್ ಮಾಸ್ಕ್ ಮತ್ತು ಫೋರ್ಸ್ ಕ್ರಿಯೇಟ್ ಮೋಡ್ ಎರಡಕ್ಕೂ 0660, ಡೈರೆಕ್ಟರಿ ಮಾಸ್ಕ್ ಮತ್ತು ಫೋರ್ಸ್ ಡೈರೆಕ್ಟರಿ ಮೋಡ್ ಎರಡಕ್ಕೂ 2770 ಬರೆಯಿರಿ. ಮಾಸ್ಕ್ ಹೆಚ್ಚಿನ ಹಕ್ಕನ್ನು ಕಳೆಯುತ್ತದೆ, ಫೋರ್ಸ್ ಬೇಕಾದದ್ದನ್ನು ಕೂಡಿಸುತ್ತದೆ; ಎರಡೂ ಇರಲಿ. ಯಾರಿಗೆ ಪ್ರವೇಶ ಎಂದು ಹೇಳುವ ವ್ಯಾಲಿಡ್ ಯೂಸರ್ಸ್ ಸಾಲಿನಲ್ಲಿ ಮೊದಲು @ ಚಿಹ್ನೆಯಿಟ್ಟು, ಅದಕ್ಕೆ ಅಂಟಿಸಿ ಗುಂಪಿನ ಹೆಸರನ್ನು ಬರೆಯಿರಿ. ಈ ಕಡತವನ್ನು ಪರೀಕ್ಷಿಸುವ ಟೆಸ್ಟ್‌ಪಾರ್ಮ್ (testparm) ಆಜ್ಞೆ ಓಡಿಸಿ ತಪ್ಪಿಲ್ಲವೆಂದು ನೋಡಿಕೊಂಡು ಸಾಂಬಾವನ್ನು ರೀಲೋಡ್ ಮಾಡಿ.

ಸಂಬಳದ ಪಟ್ಟಿಯನ್ನು ಇದೇ ಶೇರಿನಲ್ಲಿ ಇಡಬೇಡಿ. ಅದಕ್ಕೆ ಬೇರೆ ಗುಂಪು, ಬೇರೆ ಶೇರ್ ಮಾಡಿ. ಮತ್ತೊಂದು ಮಾತು: ಲಿನಕ್ಸ್‌ನಲ್ಲಿ ಕಡತ ಅಳಿಸುವ ಹಕ್ಕು ಬರುವುದು ಫೋಲ್ಡರಿನಿಂದ, ಕಡತದಿಂದಲ್ಲ. ಗುಂಪಿನ ಯಾರಾದರೂ ಕೈತಪ್ಪಿ ಏನನ್ನಾದರೂ ಅಳಿಸಬಹುದು. ಮೆಕ್ಕೆಜೋಳದ ಆವಕ ಜೋರಾಗಿರುವ ದಿನಗಳಲ್ಲಿ ಇದು ಖಂಡಿತ ಆಗುತ್ತದೆ. ಅದೇ ಸೆಟ್ಟಿಂಗ್ ಕಡತದ ವಿಎಫ್‌ಎಸ್ ಆಬ್ಜೆಕ್ಟ್ಸ್ (vfs objects) ಸಾಲಿಗೆ ರೀಸೈಕಲ್ (recycle) ಸೇರಿಸಿದರೆ ಅಳಿಸಿದ ಕಡತ ಸರ್ವರಿನಲ್ಲೇ ಒಂದು ಫೋಲ್ಡರಿಗೆ ಹೋಗಿ ಕೂರುತ್ತದೆ. ಆದರೂ ಬ್ಯಾಕಪ್ ಬೇಕೇ ಬೇಕು.

ಇಷ್ಟಾದ ಮೇಲೂ ಗುಂಪಿಗೆ ಹೊಸದಾಗಿ ಸೇರಿಸಿದವರಿಗೆ ಫೋಲ್ಡರ್ ತೆರೆಯದಿದ್ದರೆ ಗಾಬರಿಯಾಗಬೇಡಿ. ವಿಂಡೋಸ್ ಹಳೆಯ ಸಂಪರ್ಕವನ್ನೇ ಹಿಡಿದುಕೊಂಡಿರುತ್ತದೆ. ಅವರು ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಬಂದರೆ ಸಾಕು. ಆಗಲೂ ಬರದಿದ್ದರೆ ಎಲ್‌ಎಸ್ -ಎಲ್‌ಡಿ ಕೊಟ್ಟಾಗ ಆ ಫೋಲ್ಡರಿಗೆ ಬರುವ ಸಾಲನ್ನು ಕಾಮೆಂಟಿನಲ್ಲಿ ಹಾಕಿ, ನೋಡಿ ಹೇಳುತ್ತೇನೆ.