ಪಿತ್ತಕೋಶದ ಉರಿಯೂತ: ಆಪರೇಷನ್ ಈಗಲೇ ಮಾಡಿಸಬೇಕಾ, ಆರು ವಾರ ಕಾಯಬೇಕಾ?

ಅಮ್ಮನಿಗೆ ಮೊನ್ನೆ ರಾತ್ರಿಯಿಂದ ಹೊಟ್ಟೆಯ ಬಲಗಡೆ ವಿಪರೀತ ನೋವು, ಜ್ವರ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲು, ಊತ ಎರಡೂ ಕಂಡಿವೆ. ಒಬ್ಬ ಡಾಕ್ಟರ್ ನಾಳೆಯೇ ತೆಗೆಯೋಣ ಅನ್ನುತ್ತಾರೆ, ಇನ್ನೊಬ್ಬರು ಆಂಟಿಬಯೋಟಿಕ್ ಮುಗಿಸಿ ಆರು ವಾರ ಬಿಟ್ಟು ಬನ್ನಿ ಅನ್ನುತ್ತಾರೆ, ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ.

ನಾನು ಸರ್ಜನ್. ಅಮ್ಮನ ದೇಹ ಅರಿವಳಿಕೆ ತಡೆದುಕೊಳ್ಳುವ ಹಾಗಿದ್ದರೆ ಈಗಲೇ ಮಾಡಿಸಿ.

ಆರು ವಾರದ ಮಾತು ಸುಮ್ನೆ ಹುಟ್ಟಿದ್ದಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ, ಪಿತ್ತಕೋಶ ತೆಗೆಯುವುದು ಜರ್ಮನಿಯಲ್ಲಿ 1985ರಲ್ಲಿ ಶುರುವಾಯಿತು, ನಮ್ಮ ದೇಶಕ್ಕೆ 1990ರಲ್ಲಿ ಬಂತು. ಕೈ ಪಳಗದ ಆ ಕಾಲದಲ್ಲಿ ಊದಿಕೊಂಡ ಪಿತ್ತಕೋಶ ಮುಟ್ಟಲು ಎಲ್ಲರಿಗೂ ಭಯ. ಊತ ಇಳಿಯಲಿ, ಆಮೇಲೆ ನೋಡೋಣ ಅನ್ನುತ್ತಿದ್ದರು.

ಆದರೆ ಒಳಗೆ ಕ್ಯಾಮೆರಾ ಹಾಕಿ ನೋಡಿದರೆ ಕಥೆಯೇ ಬೇರೆ. ಮೊದಲ ಎರಡು ಮೂರು ದಿನ ಪಿತ್ತಕೋಶದ ಗೋಡೆಯಲ್ಲಿ ನೀರು ತುಂಬಿರುತ್ತದೆ, ಹಾಗಾಗಿ ಪದರಗಳು ನೆನೆಸಿದ ಬಾದಾಮಿ ಸಿಪ್ಪೆಯ ಹಾಗೆ ಬಿಡಿಸಿಕೊಳ್ಳುತ್ತವೆ, ಎಷ್ಟೋ ಸಲ ಸಕ್ಷನ್ ಪೈಪಿನ ತುದಿಯಿಂದ ಮೆಲ್ಲಗೆ ತಳ್ಳಿದರೂ ಸಾಕು. ವಾರ ಕಳೆಯುತ್ತಿದ್ದ ಹಾಗೆ ಅದೇ ಜಾಗ ಗಟ್ಟಿಯಾಗುತ್ತದೆ. ಪಕ್ಕದ ಕರುಳು, ಕೊಬ್ಬು ಎಲ್ಲ ಅಂಟಿಕೊಂಡು, ಮುಟ್ಟಿದಲ್ಲೆಲ್ಲ ರಕ್ತ. ಮುಖ್ಯ ಪಿತ್ತನಾಳಕ್ಕೆ ಪೆಟ್ಟು ಬೀಳುವ ಭಯ ಆಗ ಜಾಸ್ತಿ. 72 ಗಂಟೆಯೊಳಗೆ ಆಪರೇಷನ್ ಅನ್ನುವ ಲೆಕ್ಕ ಬಂದದ್ದು ಇದರಿಂದಲೇ. ಅದನ್ನು ಎಣಿಸುವುದು ನೋವು ಶುರುವಾದಾಗಿನಿಂದ, ಅಡ್ಮಿಟ್ ಆದಾಗಿನಿಂದ ಅಲ್ಲ. ಹಾಗಂತ 73ನೇ ಗಂಟೆಗೆ ಬಾಗಿಲು ಮುಚ್ಚುವುದಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ರೋಗ ಪತ್ತೆಯಾದ ಒಂದು ವಾರದೊಳಗೆ ಮಾಡಿ ಎನ್ನುತ್ತದೆ.

ಜರ್ಮನಿಯ ನೇತೃತ್ವದಲ್ಲಿ 618 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅಡ್ಮಿಟ್ ಆದ 24 ಗಂಟೆಯೊಳಗೆ ಆಪರೇಷನ್ ಎಂದು ಆರಿಸಿದ ಗುಂಪಿನಲ್ಲಿ ಶೇಕಡಾ 11.8 ಜನರಿಗೆ ತೊಂದರೆಯಾಯಿತು. ಮೊದಲು ಔಷಧಿ, 7ರಿಂದ 45 ದಿನದೊಳಗೆ ಆಪರೇಷನ್ ಅಂದ ಗುಂಪಿನಲ್ಲಿ ಅದು 34.4. ಇನ್ನೊಂದು ವಿಷಯ, ಕಾಯುವವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ನೋವು ಇಳಿಯುವುದೇ ಇಲ್ಲ, ಅಥವಾ ನಡುವೆ ಮರುಕಳಿಸಿ ಅವಸರದಲ್ಲಿ ಆಪರೇಷನ್ ಮಾಡಬೇಕಾಗುತ್ತದೆ.

ಎಲ್ಲರಿಗೂ ಇದೇ ಅಲ್ಲ. ಹೃದಯ ತೀರಾ ದುರ್ಬಲ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ ಅಂದರೆ ಸ್ವಲ್ಪ ತಡೆಯಬೇಕಾಗಬಹುದು. ಕಣ್ಣು ಹಳದಿಯಾಗಿದ್ದರೆ ಕಲ್ಲು ನಾಳಕ್ಕೆ ಜಾರಿರಬಹುದು, ಆಗ ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ಅದನ್ನು ಮೊದಲು ತೆಗೆಯುತ್ತಾರೆ.

ಕಾಯಿರಿ ಅಂದ ಡಾಕ್ಟರಿಗೆ ನೇರವಾಗಿ ಕೇಳಿ: ಅಮ್ಮನ ಆರೋಗ್ಯದ ಕಾರಣಕ್ಕೆ ಕಾಯಬೇಕಾ, ಇಲ್ಲಾ ಥಿಯೇಟರ್ ಖಾಲಿ ಇಲ್ಲ ಅಂತಲಾ? ಎರಡನೆಯದಾದರೆ ತುರ್ತಾಗಿ ಲ್ಯಾಪ್ರೋಸ್ಕೋಪಿ ಮಾಡುವ ಆಸ್ಪತ್ರೆಗೆ ಇವತ್ತೇ ಬರೆಸಿಕೊಂಡು ಹೋಗಿ. ಸ್ಕ್ಯಾನಿಂಗ್ ರಿಪೋರ್ಟ್, ರಕ್ತಪರೀಕ್ಷೆ, ನಡೆಯುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ, ಅವರು ಹೇಳುವವರೆಗೂ ಅಮ್ಮನಿಗೆ ಏನೂ ತಿನ್ನಿಸಬೇಡಿ.